ಮೂರನೆಯ ಮನೆಯ ತೊಟ್ಟಿ

ಪುರಾತತ್ವದ ಸೊಂದೊಸ್ ಮೇಡಂ ಎರಡು ಸಾವಿರದ ಇನ್ನೂರು ವರ್ಷ ಹಳೆಯದು ಎಂದು ತೋರಿಸಿದ ಗಾರೆಯನ್ನು ನಮ್ಮಪ್ಪ ಕಲಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಆಗ ನನಗೆ ಒಂಬತ್ತು ವರ್ಷ. ಈಗ ಐವತ್ತು ದಾಟಿದೆ. ಅಪ್ಪ ಮಾಡುತ್ತಿದ್ದ ಕಾವಲು ಕೆಲಸವನ್ನೇ ಮಾಡುತ್ತಿದ್ದೇನೆ.

ಕೆಲಿಬಿಯಾ ಪಟ್ಟಣ ದಾಟಿ ಕಡಲ ದಂಡೆ ಹಿಡಿದು ಹೋದರೆ ನಾವು ಕಾಯುವ ಹಾಳೂರು. ಫಿನೀಷಿಯನ್ನರ ಮನೆಗಳು ಮೊಣಕಾಲೆತ್ತರಕ್ಕೆ ಉಳಿದಿವೆ. ಪ್ರತಿ ಮನೆಯ ಬಾಗಿಲ ಪಕ್ಕ ಒಬ್ಬರು ಕೂತು ಮೀಯುವಷ್ಟು ಪುಟ್ಟ ತೊಟ್ಟಿ. ಅದಕ್ಕೆ ಸುಣ್ಣ ಮತ್ತು ಮಡಕೆ ಚೂರಿನ ಕೆಂಪು ಗಾರೆ. ರೋಮಿನ ಸೈನ್ಯ ಊರು ಹಾಳುಗೆಡವಿದ ಮೇಲೆ ಇಲ್ಲಿಗೆ ಯಾರೂ ಮರಳಿ ಬರಲಿಲ್ಲ ಎಂಬುದು ಪಂಡಿತರ ಮಾತು. ಸೊಂದೊಸ್ ಮೇಡಂಗೆ ಆ ಮಾತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಐದು ವರ್ಷದಿಂದ ಟ್ಯೂನಿಸ್‌ನಿಂದ ಬಂದು, ಬಿಸಿಲಲ್ಲಿ ಬೋರಲು ಬಿದ್ದು, ಒಂದೊಂದು ತೊಟ್ಟಿಯನ್ನೂ ಸವರಿ ನೋಡಿದ್ದರು.

ಆ ಸೋಮವಾರ ನನ್ನನ್ನು ಮೂರನೆಯ ಮನೆಗೆ ಕರೆದರು.

"ಝೊಹ್ರಕ್ಕ, ಇಲ್ನೋಡಿ. ಕೆಳಗಿನ ಪದರ ಬಿರುಕು ಬಿಟ್ಟಿದೆ. ಅದರ ಮೇಲೆ ಇನ್ನೊಂದು ಪದರ ಬಳಿದಿದಾರೆ. ಯಾರೋ ವಾಪಸ್ ಬಂದಿದ್ರು. ಊರೆಲ್ಲ ಸುಟ್ಟು ಹೋದ್ಮೇಲೂ ಬಂದು ತಮ್ಮ ತೊಟ್ಟಿ ಸರಿ ಮಾಡ್ಕೊಂಡಿದಾರೆ. ಗುರುವಾರ ಟ್ಯೂನಿಸ್ ಸಭೇಲಿ ಪಂಡಿತರ ಮುಂದೆ ಇದನ್ನೇ ಓದ್ತೀನಿ."

"ಪಕ್ಕಾನಾ ಮೇಡಂ?"

"ಗಾರೇಲಿ ಇದ್ದಿಲ ಚೂರು ಸಿಕ್ಕಿದೆ. ಪರೀಕ್ಷೆಗೆ ಕಳಿಸಿದೀನಿ. ಒಂದು ತಿಂಗಳಲ್ಲಿ ಎಷ್ಟು ವರ್ಷದ್ದು ಅಂತ ಅವರೇ ಹೇಳ್ತಾರೆ."

ಆ ಇದ್ದಿಲು ನಮ್ಮನೆಯ ರೊಟ್ಟಿ ಒಲೆಯದು. ಅಮ್ಮ ಆಲಿವ್ ಕಡ್ಡಿ ಉರಿಸುತ್ತಿದ್ದಳು, ಅಪ್ಪ ಅದರ ಬೂದಿಯನ್ನು ಗಾರೆಗೆ ಬೆರೆಸಿದ್ದ. ಕಾವಲುಗಾರ ಒಂದು ಕಲ್ಲನ್ನೂ ಮುಟ್ಟುವಂತಿಲ್ಲ ಎಂಬುದು ಕಟ್ಟಾಜ್ಞೆ. ಖ್ಮೈಸ್ ಮೂವತ್ತೊಂದು ವರ್ಷ ಕಾದರೂ ಒಂದು ಹರಳನ್ನೂ ಕದಲಿಸಲಿಲ್ಲ ಎಂದು ಇಂದಿಗೂ ಹೊಸಬರಿಗೆ ಹೇಳುತ್ತಾರೆ. ಖ್ಮೈಸ್ ಅಂದರೆ ನಮ್ಮಪ್ಪ.

ಮನೆಗೆ ಹೋದಾಗ ಅಪ್ಪ ರೊಟ್ಟಿಯನ್ನು ಆಲಿವ್ ಎಣ್ಣೆಯಲ್ಲಿ ಅದ್ದಿಕೊಂಡು ತಿನ್ನುತ್ತಿದ್ದ. ಎಂಬತ್ತಾರು ವರ್ಷ, ಕಿವಿ ಇನ್ನೂ ಚುರುಕು. ಎಲ್ಲವನ್ನೂ ಹೇಳಿದೆ.

"ಎಷ್ಟು ವರ್ಷ ಅಂದ್ಳು?"

"ಎರಡು ಸಾವಿರದ ಇನ್ನೂರು."

ಅಪ್ಪ ಮೀಸೆಯಲ್ಲೇ ನಕ್ಕ. "ಹಾಗಾದ್ರೆ ಚೆನ್ನಾಗೇ ಕಲಸಿದೀನಿ ಬಿಡು."

"ನಗ್ಬೇಡಪ್ಪ. ಗುರುವಾರ ದೊಡ್ಡೋರ ಮುಂದೆ ನಿಂತು ಓದ್ತಾಳೆ. ಮುಂದಿನ ತಿಂಗಳು ನಮ್ಮನೆ ಒಲೆ ಇದ್ದಿಲು ಅಂತ ಗೊತ್ತಾದ್ರೆ ಅವಳ ಮಾನ ಹೋಗುತ್ತೆ."

"ಈಗ್ಲೇ ಹೇಳಿದ್ರೆ ನಂದು ಹೋಗುತ್ತೆ."

ನನಗೆ ಸಿಟ್ಟು ಬಂತು. ಅಪ್ಪನ ಮೇಲೂ ಬಂತು, ಹುಡುಕಿ ಹುಡುಕಿ ಅದೇ ತೊಟ್ಟಿಗೆ ಕೈಹಾಕಿದ ಮೇಡಂ ಮೇಲೂ ಬಂತು. ಪಾತ್ರೆಗಳನ್ನು ಬೇಕೆಂದೇ ಸದ್ದುಮಾಡಿ ತೊಳೆದೆ. ಮಂಗಳವಾರ ಮೇಡಂ ಎದುರಿಗೆ ಬಂದಾಗಲೆಲ್ಲ ಕಣ್ಣು ತಪ್ಪಿಸಿಕೊಂಡು ಓಡಾಡಿದೆ.

ಬುಧವಾರ ಬೆಳಿಗ್ಗೆ ನೋಡಿದರೆ ಅಪ್ಪ ಹಬ್ಬದ ಅಂಗಿ, ಕೆಂಪು ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ.

"ನಡಿ. ಅವಳು ಬಸ್ಸು ಹತ್ತೋದ್ರೊಳಗೆ ಹೋಗೋಣ."

ಮೇಡಂ ತೊಟ್ಟಿಯ ಕೊನೆಯ ಫೋಟೋ ತೆಗೆಯುತ್ತಿದ್ದರು. ಅಪ್ಪನನ್ನು ಕಂಡು ಎದ್ದು ನಿಂತರು.

"ಬನ್ನಿ ಹಾಜಿ, ಎಷ್ಟು ದಿನ ಆಯ್ತು ನಿಮ್ಮನ್ನ ನೋಡಿ."

"ಈ ಗಾರೆ ನಂದು ಮಗಳೆ," ಎಂದ ಅಪ್ಪ. ಪೀಠಿಕೆ ಹಾಕುವುದು ಅವನಿಗೆ ಯಾವತ್ತೂ ಬರಲಿಲ್ಲ.

ಮೇಡಂ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ತಮಾಷೆ ಮಾಡ್ತಿದೀರಾ?"

"ಸುಣ್ಣ ಮೂರು ಪಾಲು, ಚೂರು ಎರಡು ಪಾಲು, ಬೂದಿ ಒಂದು ಬೊಗಸೆ. ಮೂಲೇಲಿ ದಪ್ಪ ಆಗಿದೆ ನೋಡು, ಅಲ್ಲಿ ಕರಣೆ ಆಡ್ಲಿಲ್ಲ, ಹೆಬ್ಬೆಟ್ಟಲ್ಲಿ ಒತ್ತಿದೆ."

ಅವರು ಮೂಲೆಯನ್ನು ಬೆರಳಲ್ಲಿ ತಡವಿದರು. ಆಮೇಲೆ ಗೋಡೆಯ ಮೇಲೆ ಕುಸಿದು ಕೂತರು. ಐದು ವರ್ಷದ ಬಿಸಿಲು ಅವರ ಮುಖದಲ್ಲಿ ಒಮ್ಮೆಗೇ ಕಂಡಿತು.

"ಯಾಕೆ ಮುಟ್ಟಿದ್ರಿ ಹಾಜಿ? ನಿಮಗೆ ಗೊತ್ತಿತ್ತಲ್ಲ ಮುಟ್ಬಾರ್ದು ಅಂತ."

"ಗೊತ್ತಿತ್ತು. ಆ ವರ್ಷ ಮಳೆ ಜೋರು, ತೊಟ್ಟಿ ಸೀಳ್ತು. ದಿನಾ ಬೆಳಿಗ್ಗೆ ಬಂದು ನೋಡ್ತಿದ್ದೆ, ದಿನಾ ಇನ್ನಷ್ಟು ಬಾಯಿ ಬಿಡ್ತಿತ್ತು. ನಲವತ್ತು ದಿನ ಸುಮ್ಮನಿದ್ದೆ. ಆಮೇಲೆ ಆಗ್ಲಿಲ್ಲ."

"ನಾನು ಇದನ್ನ ಬರೀಬೇಕಾಗುತ್ತೆ. ನಿಮ್ಮ ಹೆಸರು ಹಾಕಿ."

"ಬರಿ. ನಾನು ಮಾಡಿದ್ದನ್ನ ಆ ಕಾಲದಲ್ಲಿ ಈ ಮನೇಲಿದ್ದೋರ ತಲೆಗೆ ಯಾಕೆ ಕಟ್ತೀಯ?"

ಮೇಡಂ ಓದಬೇಕಿದ್ದ ಹಾಳೆಗಳನ್ನು ಚೀಲದಿಂದ ತೆಗೆದು, ಮಡಚಿ, ಮತ್ತೆ ಒಳಗಿಟ್ಟರು.

"ಹಾಗಾದ್ರೆ ಯಾರೂ ವಾಪಸ್ ಬರ್ಲೇ ಇಲ್ಲ," ಎಂದರು.

ಅಪ್ಪನಿಗೆ ಆ ಮಾತು ಅರ್ಥವಾಗಲಿಲ್ಲವೇನೋ. ತೊಟ್ಟಿಯ ಅಂಚಿಗೆ ಕೈಯೂರಿ, ಮಂಡಿ ಹಿಡಿದುಕೊಂಡು, ಅವರ ಪಕ್ಕದಲ್ಲೇ ಮೆಲ್ಲಗೆ ಕೂತ.

"ನಾನು ಬಂದೆನಲ್ಲ ಮಗಳೆ," ಎಂದ.