ಇಳಿದ ಅಂಕಿ

"ಹದಿನೆಂಟು ಸಾವಿರ ಇದ್ದದ್ದು ಏಳು ಸಾವಿರಕ್ಕೆ ಇಳಿದಿದೆ. ಇನ್ನೇನು ಬೇಕು ನಿಮಗೆ?" ವಾರ್ಡಿನ ಡಾಕ್ಟರು ಫೋನಿನಲ್ಲೇ ರೇಗಿದರು. "ಮಧ್ಯಾಹ್ನ ಪೇಷೆಂಟನ್ನ ಮನೆಗೆ ಕಳಿಸ್ತಿದ್ದೀನಿ."

"ಬಿಳಿ ರಕ್ತಕಣ ಇಳಿದಿದೆ ಸಾರ್, ಸೋಂಕು ಇಳಿದಿಲ್ಲ. ಒಂದ್ಸಲ ಕೆಳಗೆ ಬಂದು ಸ್ಲೈಡ್ ನೋಡಿ," ಎಂದಳು ಲ್ಯಾಬಿನವಳು.

"ಮೆಷಿನ್ನೇ ನಾರ್ಮಲ್ ಅಂದಮೇಲೆ ಸ್ಲೈಡ್ ಯಾಕ್ರೀ ಹಾಕಿದ್ರಿ?" ಫೋನು ಕುಕ್ಕಿದ ಸದ್ದಾಯಿತು.

ಯಾಕೆ ಅಂದರೆ, ಹಾಕದಿದ್ದರೆ ಅವಳಿಗೆ ಉಂಡದ್ದು ಮೈಗೆ ಹತ್ತುವುದಿಲ್ಲ, ಅಷ್ಟೆ. ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಸವೆಸಿದವಳು. ಯಂತ್ರ ಎಷ್ಟೇ ಭೇಷ್ ಅನ್ನಲಿ, ಒಂದು ತೊಟ್ಟು ರಕ್ತವನ್ನು ಗಾಜಿಗೆ ಸವರಿ, ಬಣ್ಣ ಹಾಕಿ, ನೂರು ಬಿಳಿ ಕಣಗಳನ್ನು ಕಣ್ಣಾರೆ ಎಣಿಸಿಯೇ ಸಹಿ. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಲೆಕ್ಕದಕ್ಕ. ಹಿಂದೊಮ್ಮೆ ಬರೀ ಅಂಕಿ ನಂಬಿ ಸಹಿ ಹಾಕಿದ್ದಳು. ಆ ರೋಗಿ ಮನೆ ಮುಟ್ಟಿ ಎರಡೇ ದಿನ ಬದುಕಿದ್ದ. ಆ ಸಹಿ ಇನ್ನೂ ಅವಳನ್ನು ಚುಚ್ಚುತ್ತದೆ.

ಮೈಕ್ರೋಸ್ಕೋಪಿಗೆ ಮತ್ತೆ ಕಣ್ಣಿಟ್ಟಳು. ಪಾದಕ್ಕೆ ಮೊಳೆ ಹೊಕ್ಕು ಬಂದ ಗಾರೆ ಕೆಲಸದವನ ರಕ್ತ ಅದು. ರೋಗಾಣುಗಳ ವಿಷ ತಾಗಿದ ಕಣಗಳ ತುಂಬ ಕಪ್ಪಿಟ್ಟ ಹರಳು, ಹುಳು ತಿಂದ ಹಾಗೆ ತೂತು. ನೂರಕ್ಕೆ ನಲವತ್ತು ಇನ್ನೂ ಬಲಿಯದ ಎಳಸು ಕಣಗಳು. ಬಲಿತವು ಹೋರಾಡಿ ಸತ್ತು ಮುಗಿಯುತ್ತಿವೆ, ಮೂಳೆಯೊಳಗಿನ ಮಜ್ಜೆ ಹಸುಗೂಸುಗಳನ್ನೇ ಕಾಳಗಕ್ಕೆ ನೂಕುತ್ತಿದೆ. ಅಂಕಿ ಇಳಿಯದೆ ಇನ್ನೇನಾದೀತು?

"ಬರಲ್ವಾ? ನಾನೇ ಬರ್ತೀನಿ," ಎಂದು ಪ್ಲಗ್ಗು ಕಿತ್ತು, ಮೈಕ್ರೋಸ್ಕೋಪನ್ನು ಎದೆಗವಚಿಕೊಂಡು ಹೊರಟಳು. ಮೂರು ಮಹಡಿ. ಲಿಫ್ಟು ಕೆಟ್ಟಿತ್ತು, ಅವಳ ಮಂಡಿಯ ಹಾಗೆಯೇ.

ವಾರ್ಡಿನಲ್ಲಿ ಗಾರೆಯವನ ಹೆಂಡತಿ ಚೀಲ ಕಟ್ಟಿಟ್ಟು, ಗಂಡನ ಒಳ್ಳೆಯ ಕಾಲಿಗೆ ಚಪ್ಪಲಿ ತೊಡಿಸುತ್ತಿದ್ದಳು. ಅವನು ಕಂಬಳಿಯೊಳಗೆ ನಡುಗುತ್ತಿದ್ದ.

"ಚಳಿ ಅಂತಾರೆ ಅಕ್ಕ. ಮನೆಗೆ ಹೋದ್ರೆ ಸರಿಹೋಗುತ್ತೆ ಅಲ್ವಾ?"

"ಚೀಲ ಬಿಚ್ಚಮ್ಮ," ಎಂದಳು ಲೆಕ್ಕದಕ್ಕ. ಡಾಕ್ಟರ ಮೇಜಿನ ಫೈಲುಗಳನ್ನು ಬದಿಗೆ ತಳ್ಳಿ ಮೈಕ್ರೋಸ್ಕೋಪು ಇಟ್ಟಳು. "ಹತ್ತೇ ಕಣ ನೋಡಿ ಸಾರ್. ನಂದು ತಪ್ಪಾಗಿದ್ರೆ ನಾಳೆಯಿಂದ ಆ ಮೆಷಿನ್ ಧೂಳು ಒರೆಸ್ಕೊಂಡು ಇರ್ತೀನಿ."

ಬೈಯಲು ತೆರೆದ ಬಾಯನ್ನು ಮುಚ್ಚಿ ಡಾಕ್ಟರು ಬಗ್ಗಿದರು. ಹತ್ತು ಮುಗಿದರೂ ತಲೆ ಎತ್ತಲಿಲ್ಲ. ಕಿವಿ ಕೆಂಪಾಗುತ್ತಾ ಬಂತು.

"ಸಿಸ್ಟರ್, ಡ್ರಿಪ್ ಹಾಕಿ. ಆಪರೇಷನ್ ಥಿಯೇಟರ್‌ಗೆ ಹೇಳಿ, ಈಗಲೇ."

ಪಾದ ಕೊಯ್ದಾಗ ಆಳದಲ್ಲಿ ಅಡಗಿದ್ದ ಕೀವು ಬಟ್ಟಲು ತುಂಬ ಬಂತು.

ನಾಲ್ಕನೆಯ ಬೆಳಿಗ್ಗೆ ಯಂತ್ರ ಕೆಂಪು ದೀಪ ಹೊತ್ತಿಸಿ ಕಿರುಚಿತು: ಇಪ್ಪತ್ತು ಸಾವಿರ. ಲೆಕ್ಕದಕ್ಕ ಅದರ ಬಾಯಿ ಮುಚ್ಚಿಸಿ, ಸ್ಲೈಡು ನೋಡಿ ಮುಗಿಸುವಷ್ಟರಲ್ಲಿ ಬಾಗಿಲಲ್ಲಿ ಏದುಸಿರು. ಡಾಕ್ಟರು ತಾವೇ ಇಳಿದು ಬಂದಿದ್ದರು.

"ಜ್ವರ ಬಿಟ್ಟಿದೆ, ಗಂಜಿ ಕುಡಿದ. ಆದ್ರೆ ಅಂಕಿ ಏರಿದೆಯಂತಲ್ಲ?"

"ಏರಲಿ ಸಾರ್. ಎಳಸು ಕಮ್ಮಿಯಾಗಿ ಬಲಿತ ಕಣಗಳು ವಾಪಸ್ ಬಂದಿವೆ."

ಅವಳು ಎದ್ದು ಸ್ಟೂಲು ಬಿಟ್ಟುಕೊಟ್ಟಳು. ಡಾಕ್ಟರು ಕನ್ನಡಕ ತೆಗೆದಿಟ್ಟು ಕುಳಿತು, ಒಂದು, ಎರಡು, ಎಂದು ಗಟ್ಟಿಯಾಗಿಯೇ ಎಣಿಸತೊಡಗಿದರು. ನೂರಾಗುವವರೆಗೂ ಅವಳು ನೋಯುವ ಮಂಡಿಯ ಮೇಲೆ ನಿಂತೇ ಇದ್ದಳು.