ಮಹಾನಂದಾಳ ಚೀಟಿ ನನ್ನೊಳಗಿದೆ

ನಾನು ಒಂದು ಮರದ ಪೆಟ್ಟಿಗೆ. ಬಡಗಿಯ ಅಂಗಳದಲ್ಲಿ ಉಳಿದ ಬೇವಿನ ತುಂಡುಗಳಿಂದ ಹುಟ್ಟಿದವನು. ನೆತ್ತಿಯ ಮೇಲೆ ಸೀಳು, ಬೆನ್ನಿಗೆ ಬೀಗ, ಎದೆಯ ಮೇಲೆ ‘ದೂರು ಪೆಟ್ಟಿಗೆ’ ಎಂಬ ಬರಹ. ಯಾವುದೋ ಕಚೇರಿಯ ಗೋಡೆಯಲ್ಲಿ ಒಂಬತ್ತು ವರ್ಷ ಜನರ ಗೋಳು ನುಂಗಿದೆ. ಒಬ್ಬ ಮಹಾಶಯನೂ ಬೀಗ ತೆಗೆಯಲಿಲ್ಲ. ಕೊನೆಗೆ ಹರಾಜು ಹಾಕಿದರು. ಆ ಸಿಟ್ಟು ನನಗೆ ಇನ್ನೂ ಇದೆ.

ಗುಳೇದಗುಡ್ಡದ ಹಿಟ್ಟಿನ ಗಿರಣಿಯ ಗುರುಸಿದ್ದಪ್ಪ ನನ್ನನ್ನು ತಂದ. ಪ್ರತಿ ವರ್ಷ ಜಿಲ್ಲಾ ಮಹಿಳಾ ಕಬಡ್ಡಿ ಪಂದ್ಯಾವಳಿಗೆ ಮುಂಚೆ ಅವನೂ ಗೆಳೆಯರೂ ಫೈನಲ್‌ಗೆ ಬರುವ ಎರಡು ತಂಡಗಳ ಹೆಸರು ಬರೆದು ನನ್ನೊಳಗೆ ಹಾಕುವರು. ಫೈನಲ್ ದಿನ ಬೆಳಿಗ್ಗೆ ಬೀಗ ತೆಗೆದು ಓದುವರು. ಗೆದ್ದವನಿಗೆ ವರ್ಷವಿಡೀ ಗಿರಣಿಯ ಒಂದೇ ಕುರ್ಚಿ, ಉಳಿದವರಿಗೆ ಜೋಳದ ಚೀಲ. ಅಂತೂ ನನ್ನನ್ನು ತೆಗೆದು ಓದುವವರು ಸಿಕ್ಕಿದರು.

ಊರಿನ ತಂಡದ ನಾಯಕಿ ಮಹಾನಂದಾ. ಹಗಲು ಮಗ್ಗದಲ್ಲಿ ಕುಪ್ಪಸದ ಖಣ ನೇಯುವಳು, ಸಂಜೆ ಕಬಡ್ಡಿ ಆಡುವಳು. ಆರು ವರ್ಷದಿಂದ ತಂಡ ಮೊದಲ ಪಂದ್ಯದಲ್ಲೇ ಸೋಲುತ್ತಿತ್ತು. ಈ ಸಲವೂ ಹಾಗಾದರೆ ಮುಂದೆ ಕರೆಯುವುದಿಲ್ಲ ಎಂದು ಸಂಘಟಕರು ಖಡಾಖಂಡಿತವಾಗಿ ಹೇಳಿದ್ದರು. “ಈ ಸಲ ಫೈನಲ್‌ಗೆ ನಾವ!” ಎಂದು ಗೆಳೆಯರೆಲ್ಲ ಅವಳೆದುರು ಎದೆ ತಟ್ಟಿದರು. ಅದರಲ್ಲೂ ದರ್ಜಿ ಮಕ್ತುಮಸಾಬನ ಗಂಟಲು ದೊಡ್ಡದು. ಆದರೆ ನನ್ನೊಳಗೆ ಬಿದ್ದ ಚೀಟಿಗಳಲ್ಲಿ ಇದ್ದದ್ದು ಜಮಖಂಡಿ, ಇಳಕಲ್ಲ, ಮುಧೋಳ. ಹೇಳುವುದೊಂದು, ಮಾಡುವುದೊಂದು! ನನಗೇ ನಾಚಿಕೆಯಾಯಿತು.

ಹಿಟ್ಟಿಗೆಂದು ಬಂದ ಮಹಾನಂದಾ ತಾನೂ ಒಂದು ಚೀಟಿ ಬರೆದಳು.

“ಆಡೋರು ಬರೀಬಾರದವ್ವಾ,” ಎಂದ ಗುರುಸಿದ್ದಪ್ಪ.

“ಯಾಕ್ರಿ ಕಾಕಾ? ಮಗ್ಗದಾಗ ಕುಂತಾಕಿಗೆ ಖಣ ಹೆಂಗ ಬರ್ತೈತಂತ ಗೊತ್ತಿರಂಗಿಲ್ಲೇನು?”

ಅಂದವಳೇ ಚೀಟಿ ತುರುಕಿದಳು. ಅದರಲ್ಲಿ ಎರಡು ಹೆಸರಿರಲಿಲ್ಲ. “ನಾವು. ಎದುರಿಗೆ ಯಾರರೆ ಬರಲಿ” ಎಂದಿತ್ತು. ನನ್ನ ಹಲಗೆಗಳು ಜುಮ್ಮೆಂದವು.

ಮೊದಲ ಪಂದ್ಯ ಗೆದ್ದರು. ಎರಡನೆಯದನ್ನೂ ಗೆದ್ದರು. ಸೆಮಿಫೈನಲ್‌ನಲ್ಲಿ ಇಳಕಲ್ಲಿನವರ ಎದುರು ಒಂದೇ ಅಂಕದಿಂದ ಸೋತರು.

ಫೈನಲ್ ದಿನ ಗುರುಸಿದ್ದಪ್ಪ ಚೀಟಿಗಳನ್ನು ಓದಿದ. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡ ಮಹಾನಂದಾ ಬಾಗಿಲಲ್ಲಿ ನಿಂತು ಕೇಳಿದಳು. ಒಬ್ಬನ ಚೀಟಿಯಲ್ಲೂ ನಮ್ಮೂರಿನ ಹೆಸರಿಲ್ಲ. ಜಮಖಂಡಿ, ಇಳಕಲ್ಲ ಎಂದು ಬರೆದಿದ್ದ ಮಕ್ತುಮಸಾಬ ಗೆದ್ದ. ಕುರ್ಚಿಯಲ್ಲಿ ಕೂರಲು ಮಾತ್ರ ಅವನಿಗೆ ಮುಖವಿರಲಿಲ್ಲ. ಕೊನೆಗೆ ಅವಳ ಚೀಟಿ ಬಂತು.

“ತಂಗೀ, ನಿಂದು ಸುಳ್ಳಾತಲ್ಲ,” ಎಂದ ಗುರುಸಿದ್ದಪ್ಪ.

“ಸುಳ್ಳಲ್ಲ ಕಾಕಾ, ತಡಾ ಆಗೈತಿ ಅಷ್ಟ. ಮುಂದಿನ ವರ್ಷ ಕರದ ಕರೀತಾರ. ತಿರುಗಿ ಒಳಗ ಹಾಕ್ರಿ ಅದನ್ನ.”

ಗುರುಸಿದ್ದಪ್ಪ ಚೀಟಿ ಹಿಡಿದೇ ನಿಂತ. ಅವಳೇ ಕಸಿದು ಒಳಗೆ ಹಾಕಿ, ಬೀಗ ಜಡಿದು, ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು.

ಅದಾಗಿ ನಾಲ್ಕು ವರ್ಷ. ತಂಡಕ್ಕೆ ಪ್ರತಿ ವರ್ಷ ಕರೆ ಬರುತ್ತದೆ, ಫೈನಲ್ ಇನ್ನೂ ಕೈಗೆ ಸಿಕ್ಕಿಲ್ಲ. ಗೆಳೆಯರು ಈಗ ಮೊಬೈಲಿನಲ್ಲೇ ಭವಿಷ್ಯ ನುಡಿಯುತ್ತಾರೆ. ನಾನು ಗಿರಣಿಯ ಮೂಲೆ ಸೇರಿದ್ದೇನೆ. ಬೇವಿಗೆ ಗೆದ್ದಲು ಹತ್ತುವುದಿಲ್ಲ ಎನ್ನುವವರು ನನ್ನ ತಳ ನೋಡಬೇಕು. “ಒಲಿಗೆ ಹಾಕ್ರಿ ಇದನ್ನ,” ಎಂದ ಮೊನ್ನೆ ಮಕ್ತುಮಸಾಬ. ಹಾಕಲಿ, ನೋಡೇಬಿಡೋಣ!

ಹಿಟ್ಟಿಗೆ ಬಂದಾಗಲೆಲ್ಲ ಮಹಾನಂದಾ ನನ್ನನ್ನೆತ್ತಿ ಕಿವಿಯ ಹತ್ತಿರ ಅಲುಗಾಡಿಸುತ್ತಾಳೆ. “ಐತಿ,” ಎಂದು ತನಗೆ ತಾನೇ ಹೇಳಿಕೊಂಡು ಆಟಕ್ಕೆ ಹೋಗುತ್ತಾಳೆ.

ಇದೆ. ಅವಳು ಬಂದು ಬೀಗ ತೆಗೆಯುವ ತನಕ ಇರುತ್ತದೆ.