ಮ್ಯಾನೇಜರನ ಕೋಟು

ಅಂಗಡಿಗೆ ಬಂದವರನ್ನೆಲ್ಲ ಪಾದದಿಂದ ಮಂಡಿಯವರೆಗೆ ಮೂಸಿ, ಒಳಗೆ ಬಿಡಬಹುದೋ ಬೇಡವೋ ಎಂದು ತೀರ್ಮಾನಿಸುವ ನಾಯಿಗೆ ಮ್ಯಾನೇಜರ್ ಎಂದಲ್ಲದೆ ಬೇರೆ ಯಾವ ಹೆಸರು ಒಪ್ಪೀತು? ದರ್ಜಿಯ ಮನೆಯ ಮುಂದಿನ ಕೋಣೆಯೇ ಅಂಗಡಿ. ದರ್ಜಿ ಹೊಲಿಯುತ್ತಿದ್ದ, ಹೆಂಡತಿ ಕಾಜಾ ಕಟ್ಟಿ ಗುಂಡಿ ಹಾಕುತ್ತಿದ್ದಳು, ಮ್ಯಾನೇಜರ್ ಹೊಲಿಗೆ ಮಷೀನಿನ ಕೆಳಗೆ ದರ್ಜಿಯ ಎಡಗಾಲಿನ ಮೇಲೆ ತಲೆಯಿಟ್ಟು ಮಲಗಿ ಇಬ್ಬರ ಕೆಲಸವನ್ನೂ ನೋಡಿಕೊಳ್ಳುತ್ತಿದ್ದ. ಹೀಗಾಗಿ ಒಂಬತ್ತು ವರ್ಷದಿಂದ ದರ್ಜಿ ಪೆಡಲು ತುಳಿಯುತ್ತಿದ್ದದ್ದು ಬಲಗಾಲೊಂದರಲ್ಲೇ. ಎಡಗಾಲು ಮರಗಟ್ಟಿದರೂ ಎಳೆದುಕೊಳ್ಳುತ್ತಿರಲಿಲ್ಲ. ಸಾಹೇಬರ ನಿದ್ದೆ ಕೆಡುತ್ತಲ್ಲ!

ಆ ಮ್ಯಾನೇಜರ್ ಹೋಗಿ ಹನ್ನೆರಡು ದಿನವಾಗಿತ್ತು. ಅವತ್ತು ಬೆಳಿಗ್ಗೆ ಗೇಟು ತೆರೆದಿತ್ತು, ಎದುರು ಗೋಡೆಯ ಮೇಲೆ ಬೆಕ್ಕು ಕೂತಿತ್ತು, ಸಾಮಾನು ಇಳಿಸಿದ ವ್ಯಾನೊಂದು ಹಿಂದಕ್ಕೆ ಬರುತ್ತಿತ್ತು. ಅಷ್ಟೇ. ಓಡಿ ಬಂದ ಮಗಳು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಚಿಲಕ ಹಾಕದೆ ಬಿಟ್ಟೋರು ಯಾರು?" ಎಂದು ಕಿರುಚಿದಳು. ಕೈಯಲ್ಲೊಂದು ಬಟ್ಟೆಚೂರು ಹಿಡಿದು ಗೇಟಿನ ಹತ್ತಿರ ನಿಂತಿದ್ದ ಹೆಂಡತಿ, "ನಾನೇ ಕಣೇ. ತರಕಾರಿ ತಂದೆನಲ್ಲ, ಮರ್ತುಬಿಟ್ಟೆ" ಅಂದಳು.

ದರ್ಜಿ ಏನೋ ಹೇಳಲು ಬಾಯಿ ತೆರೆದಿದ್ದ. ಮುಚ್ಚಿಬಿಟ್ಟ.

ತರಕಾರಿ ಬಂದ ಮೇಲೆ ಗೇಟು ದಾಟಿದವನು ಅವನೇ. ಗಿರಾಕಿಯೊಬ್ಬಳು ಪೊಟ್ಟಣ ಮರೆತು ಹೋದಳೆಂದು, ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದ ಬಟ್ಟೆಯನ್ನು ಹಾಗೆಯೇ ಬಿಟ್ಟು ಅವಳ ಹಿಂದೆ ಓಡಿದ್ದ, ಅದೇ ಅವಸರದಲ್ಲಿ ವಾಪಸು ಬಂದಿದ್ದ. ಹಾಗಂತ ದರ್ಜಿ ಪುಕ್ಕಲನೇನಲ್ಲ. ಎಂಥ ದೊಡ್ಡ ಮನುಷ್ಯ ಬಂದರೂ "ಸೊಂಟ ಮೂರಿಂಚು ಜಾಸ್ತಿಯಾಗಿದೆ ಸ್ವಾಮೀ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುವವನು. ಈ ಒಂದು ಮಾತು ಮಾತ್ರ ಹೊರಗೆ ಬಂದಿರಲಿಲ್ಲ. ಹೇಳಿದರೆ ಮಗಳು ತನ್ನ ಮುಖ ನೋಡುವುದಿಲ್ಲ ಎಂಬ ಹೆದರಿಕೆ.

ಮಗಳಿಗೆ ಇಪ್ಪತ್ತೊಂದು ವರ್ಷ. ಔಷಧಿ ಅಂಗಡಿಯಲ್ಲಿ ಕೆಲಸ. ಹನ್ನೆರಡನೇ ವಯಸ್ಸಿನಲ್ಲಿ ಮ್ಯಾನೇಜರನನ್ನು ಸ್ಕೂಲ್ ಬ್ಯಾಗಿನಲ್ಲಿ ಮುಚ್ಚಿಟ್ಟು ಮನೆಗೆ ತಂದವಳು ಅವಳೇ. ಈಗ ಅಮ್ಮನ ಜೊತೆ ಮಾತು ಬಿಟ್ಟಿದ್ದಳು. ಮೂವರೂ ಒಂದೇ ಮೇಜಿಗೆ ಊಟಕ್ಕೆ ಕೂತರೆ ದರ್ಜಿಗೆ ಅಂಚೆಯವನ ಕೆಲಸ.

"ಅಪ್ಪಾ, ಉಪ್ಪು ಕಡಿಮೆ ಅಂತ ಹೇಳು."

"ಉಪ್ಪು ಕಡಿಮೆಯಂತೆ."

"ಡಬ್ಬಿ ಅವಳ ಮೊಣಕೈ ಹತ್ರಾನೇ ಇದೆ ಅಂತ ಹೇಳಿ."

"ಡಬ್ಬಿ ನಿನ್ನ ಮೊಣಕೈ..."

"ಕೇಳಿಸ್ತು."

ಹೀಗೆ ಹನ್ನೆರಡು ದಿನ ದರ್ಜಿ ಇಬ್ಬರ ಮಾತನ್ನೂ ಚಾಚೂ ತಪ್ಪದೆ ತಲುಪಿಸಿದ, ತನ್ನದೊಂದನ್ನು ಬಿಟ್ಟು. ಹೆಂಡತಿ ಅರ್ಧ ಊಟಕ್ಕೇ ಎದ್ದು ಹೋಗುವುದನ್ನು ನೋಡುತ್ತಿದ್ದ. ನೋಡಿ ಸಂಕಟಪಡುತ್ತಿದ್ದ. ಬೆಳಗಾದರೆ ಮತ್ತೆ ಬಲಗಾಲಲ್ಲಿ ಪೆಡಲು ತುಳಿಯುತ್ತಿದ್ದ. ಎಡಗಾಲು ಮಾತ್ರ ಅದೇ ಜಾಗದಲ್ಲಿ ಕದಲದೆ ಇರುತ್ತಿತ್ತು.

ಹನ್ನೆರಡನೆಯ ದಿನ ಸಂಜೆ ನಿವೃತ್ತ ಮೇಷ್ಟ್ರು ತಮ್ಮ ವೇಸ್ಟ್‌ಕೋಟಿನ ಟ್ರಯಲ್ಲಿಗೆ ಬಂದರು. ಒಳ್ಳೆ ಆಳು, ಒಳ್ಳೆ ಹೊಟ್ಟೆ. ಪ್ರತಿ ಚಳಿಗಾಲಕ್ಕೂ ಅವರಿಗೊಂದು ವೇಸ್ಟ್‌ಕೋಟು ಆಗಲೇಬೇಕು. ಕನ್ನಡಕ ತೆಗೆದಿಟ್ಟು, ದರ್ಜಿ ಕೊಟ್ಟದ್ದನ್ನು ನಂಬಿಕೆಯಿಂದ ತೊಡಲು ಹೋದರು. ಎರಡೂ ಕೈ ಮೊಣಕೈವರೆಗೆ ಹೋಗಿ ಅಲ್ಲೇ ಕಚ್ಚಿಕೊಂಡವು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

"ಏನಯ್ಯಾ ಇದು?" ಎಂದರು ಮೇಷ್ಟ್ರು, ಎರಡೂ ಕೈ ಎದೆಯ ಮುಂದೆ ಚಾಚಿಕೊಂಡೇ. "ಕೈಗೆ ಬಿಟ್ಟ ಜಾಗ ಎರಡೂ ಎದೇಲೇ ಇದೆಯಲ್ಲ?"

ಆಗಷ್ಟೇ ಕೆಲಸದಿಂದ ಬಂದ ಮಗಳು ಮೇಷ್ಟ್ರನ್ನು ನೋಡಿದಳು. ಮೇಜಿನ ಮೇಲೆ ತೆರೆದಿದ್ದ ಅಳತೆ ಪುಸ್ತಕವನ್ನು ನೋಡಿದಳು. ಎಂಟು ಚಳಿಗಾಲವೂ ಮೇಷ್ಟ್ರ ಬಟ್ಟೆಯಲ್ಲಿ ಉಳಿದ ತುಂಡಿನಲ್ಲೇ ಮ್ಯಾನೇಜರನಿಗೆ ಕೋಟು ಆಗುತ್ತಿತ್ತು. ಅದಕ್ಕೇ ಪುಸ್ತಕದಲ್ಲಿ ಮೇಷ್ಟ್ರ ಹಾಳೆಯ ಹಿಂದೆಯೇ ಅವನ ಹಾಳೆ. ದರ್ಜಿ ಒಂದು ಹಾಳೆ ಹೆಚ್ಚು ತಿರುವಿದ್ದ. ಕೈ ಹೊಲಿಗೆ ಹಾಕುತ್ತಿದ್ದರೆ ಬುದ್ಧಿ ಗೇಟಿನ ಹತ್ತಿರ ಇತ್ತು.

"ಅಪ್ಪಾ, ಮೇಷ್ಟ್ರಿಗೆ ಮುಂಗಾಲಿಗೆ ಜಾಗ ಬಿಟ್ಟು ಹೊಲಿದಿದೀಯ!"

ಮೊದಲು ನಕ್ಕದ್ದು ಹೆಂಡತಿ. ಬಾಯಿಗೆ ಕೈ ಅಡ್ಡ ಹಿಡಿದರೂ ತಡೆಯಲಾಗಲಿಲ್ಲ. ಆಮೇಲೆ ಮಗಳು, ಆಮೇಲೆ ಕೈ ಸಿಕ್ಕಿಹಾಕಿಕೊಂಡ ಮೇಷ್ಟ್ರು. ನಗುತ್ತ ನಗುತ್ತಲೇ ಮಗಳು ಪುಸ್ತಕದ ಮೇಲೆ ಬೆರಳಿಟ್ಟು, "ಕುತ್ತಿಗೆ ಹದಿನೈದು ಸಾಲ್ತಿರ್ಲಿಲ್ಲಪ್ಪ, ಈ ವರ್ಷ ದಪ್ಪ ಆಗಿದ್ದ" ಅಂದಳು. ಅಂದವಳೇ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಹೆಂಡತಿ ತಬ್ಬಿಕೊಳ್ಳಲು ಎರಡು ಹೆಜ್ಜೆ ಮುಂದೆ ಬಂದಳು. ಮಗಳು ಪಕ್ಕಕ್ಕೆ ಸರಿದಳು.

ಆ ಸರಿದದ್ದನ್ನು ನೋಡಲು ದರ್ಜಿಯ ಕೈಲಾಗಲಿಲ್ಲ.

"ಗೇಟು ತೆರೆದಿಟ್ಟೋನು ನಾನು" ಅಂದ. "ಅಮ್ಮ ಅಲ್ಲ. ಪೊಟ್ಟಣ ಕೊಡೋಕೆ ಓಡಿದ್ದೆ. ಚಿಲಕ ಹಾಕ್ಲಿಲ್ಲ. ಅವತ್ತೇ ಹೇಳ್ಬೇಕಿತ್ತು, ಹೆದರಿಬಿಟ್ಟೆ."

ಮೇಷ್ಟ್ರು ಪಾಪ, ಇದ್ದಲ್ಲೇ ಗೋಡೆಯ ಕಡೆ ಮುಖ ಮಾಡಿದರು.

"ನಂಗೆ ಗೊತ್ತಿತ್ತು" ಅಂದಳು ಹೆಂಡತಿ. "ಚಿಲಕದ ಮೇಲೆ ನಿಮ್ಮ ನೀಲಿ ಸೀಮೆಸುಣ್ಣದ ಬೆರಳಿನ ಗುರುತು ಮೂಡಿತ್ತು. ಇವಳ ಕಣ್ಣಿಗೆ ಬೀಳೋ ಮುಂಚೆ ಒರೆಸಿಬಿಟ್ಟೆ."

"ನೀನ್ಯಾಕೆ ಮೈಮೇಲೆ ಹಾಕ್ಕೊಂಡೆ?"

"ಇವಳ ಕೋಪ ನಂಗೆ ಹೊಸದೇನ್ರೀ? ನಾನು ತಡ್ಕೋತೀನಿ. ನಿಮ್ಮ ಹತ್ರ ಮಾತು ಬಿಟ್ಟಿದ್ರೆ ನೀವು ಮಷೀನು ಮುಟ್ತಿರ್ಲಿಲ್ಲ." ಅವಳ ದನಿ ನಡುಗಿತು. ಹಾಗಂತ ಬಿಡುವ ಹೆಂಗಸಲ್ಲ. "ಆದ್ರೂ ಎರಡು ದಿನದಲ್ಲಿ ನೀವೇ ಹೇಳ್ತೀರಿ ಅಂದ್ಕೊಂಡಿದ್ದೆ. ಹನ್ನೆರಡು ದಿನ ಎಳೆದ್ರಲ್ಲ, ಮಹಾರಾಯರು!"

ಮಗಳು ಕಣ್ಣೊರೆಸಿಕೊಂಡು ಅಪ್ಪನನ್ನು ದುರುಗುಟ್ಟಿ ನೋಡಿದಳು. ದರ್ಜಿ ತಲೆ ತಗ್ಗಿಸಿದ. ಅವಳು ಹೋಗಿ ಅಮ್ಮನ ಪಕ್ಕ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತಳು.

"ಅಮ್ಮಾ" ಅಂದಳು. ಹನ್ನೆರಡು ದಿನದ ಮೇಲೆ ಬಂದ ಮಾತು. "ಅಪ್ಪಂಗೆ ಹೇಳು. ಮೇಷ್ಟ್ರನ್ನ ಬಿಡಿಸ್ಬೇಕಂತೆ. ಆ ಕೋಟನ್ನ ಬಿಚ್ಚಬಾರ್ದಂತೆ, ಅದು ನಂಗೆ ಬೇಕು. ಆಮೇಲೆ ಊಟಕ್ಕೆ ಬರ್ಬೇಕಂತೆ."

ಹೆಂಡತಿ ಗಂಡನ ಕಡೆ ತಿರುಗಿದಳು. ಅವಳ ಕಣ್ಣೂ ತುಂಬಿತ್ತು, ತುಟಿಯಲ್ಲಿ ನಗುವೂ ಇತ್ತು. "ಮೇಷ್ಟ್ರನ್ನ..." ಎಂದು ಶುರು ಮಾಡಿದಳು.

"ಕೇಳಿಸ್ತು" ಅಂದ ದರ್ಜಿ. "ಬರ್ತೀನಿ ಅಂತ ಹೇಳು."